ವೀರಭದ್ರಮ್ಮನ ಕುಂಚಿಗೆ
ಮಾನ್ವಿಯ ಕಾಲುವೆ ಓಣಿಯಲ್ಲಿ ಯಾರ ಮನೆಯಲ್ಲಿ ಕೂಸು ಅತ್ತರೂ ಮೊದಲು ಕೇಳಿಸುವುದು ಮಕ್ಕಳಿಲ್ಲದ ವೀರಭದ್ರಮ್ಮನಿಗೆ. ಹಿತ್ತಲ ಬಾಗಿಲಲ್ಲೇ ಹೊಲಿಗೆ ಮಿಷನ್ನು ಇಟ್ಟುಕೊಂಡ ಆಕೆಯ ಒಂದು ಕಣ್ಣು ಸೂಜಿಯ ಮೇಲೆ, ಇನ್ನೊಂದು ಹೀರೆಬಳ್ಳಿಯ ಮೇಲೆ. ಬಡವರ ಕೂಸುಗಳಿಗೆ ತಲೆ ಬೆನ್ನು ಮುಚ್ಚುವ ಕುಂಚಿಗೆಗಳನ್ನು ಪುಗಸಟ್ಟೆ ಹೊಲಿಯುತ್ತಲೇ ಆಡು ಓಡಿಸುತ್ತಾಳೆ, ಕಾಯಿಪಲ್ಯೆಯ ಮಡಿಗೆ ನೀರು ತಿರುಗಿಸುವಾಗಲೂ ಬಾಯಲ್ಲಿ ದಾರ ಕಚ್ಚಿರುತ್ತಾಳೆ. ಆಕೆಯ ಕುಂಚಿಗೆ ಕೊಡವಿದರೆ ಮೆಂತ್ಯೆ ಬೀಜ ಉದುರುತ್ತವೆಂದು ಹೆಂಗಸರು ನಗುತ್ತಾರೆ. ‘ನಗ್ರಿ ನಗ್ರಿ, ಕೂಸಿನ ಕಿವಿಗೆ ಗಾಳಿ ಹೊಕ್ಕರ ನಗಿ ನಿಲ್ತದ’ ಎಂದು ಗದರುತ್ತಾಳೆ. ಕುಂಚಿಗೆಯ ಜತೆ ಬಾಣಂತಿಗೆ ಒಂದು ಬುಟ್ಟಿ ಹೀರೆಕಾಯಿಯೂ ಹೋಗುತ್ತದೆ. ತೊಟ್ಟಿಲ ಕಾರ್ಯಕ್ಕೆ ಮಾತ್ರ ಕರೆ ಬರುವುದಿಲ್ಲ. ‘ನನಗೂ ಪುರಸತ್ತಿಲ್ಲ ಬಿಡ್ರಿ, ಮಡಿ ಒಣಗತಾವ’ ಎಂದು ತಾನೇ ಮೊದಲು ಹೇಳಿಬಿಡುತ್ತಾಳೆ. ಎಪ್ಪತ್ತೆಂಟನೇ ಇಸವಿಯ ಮಳೆಗಾಲದಲ್ಲಿ ಅವರೆ ಬೀಜ ಕೇಳಲು ಅದೇ ಓಣಿಯ ನೀಲಗಂಗಮ್ಮನ ಹಿತ್ತಲಿಗೆ ಹೋದಾಗ, ಅವಳ ಮೊಮ್ಮಗನಿಗೆಂದು ಕೊಟ್ಟಿದ್ದ ಕೆಂಪು ಕುಂಚಿಗೆ ಬೆದರುಗೊಂಬೆಯ ಮಡಕೆ ತಲೆಯ ಮೇಲಿತ್ತು. ‘ತಪ್ಪು ತಿಳೀಬ್ಯಾಡ್ರಿ ಯಕ್ಕಾ, ಮಕ್ಕಳಿಲ್ಲದವರು ಹೊಲಿದ ಅರಿವಿ ಕೂಸಿಗೆ ಹಾಕಬಾರ್ದಂತ ಹಿರ್‍ಯಾರು ಅಂತಾರ’ ಎಂದಳು ನೀಲಗಂಗಮ್ಮ, ‘ಹೀರಿಕಾಯಿ ಮಾತ್ರ ಭಾಳ ರುಚಿ ಇದ್ವು.’ ವೀರಭದ್ರಮ್ಮ ಹೊಲಿಗೆಯನ್ನು ಉಗುರಿನಿಂದ ಎಳೆದು ನೋಡಿದಳು. ಒಂದು ಎಳೆಯೂ ಬಿಚ್ಚಿರಲಿಲ್ಲ. ಮನೆಗೆ ಬರುವಾಗ ಉಳಿದವರ ಹಿತ್ತಲುಗಳ ಕಡೆ ಕಣ್ಣು ಹಾಯಿಸಲಿಲ್ಲ. ಈಗಲೂ ಹೊಲಿಯುತ್ತಾಳೆ. ಬಟ್ಟೆಯನ್ನು ಮಾತ್ರ ತುಸು ದಪ್ಪನೆಯದೇ ಆರಿಸುತ್ತಾಳೆ. ಯಾಕೆಂದು ಕೇಳಿದರೆ, ‘ಬಿಸಲು ಮಳಿ ತಡಿಬೇಕಲ್ಲರಿ’ ಎನ್ನುತ್ತಾಳೆ.