ಖಾಲಿ ಬಿದ್ದ ಹೆಸರು

ಬೆಳಿಗ್ಗೆ ಹಿತ್ತಿಲಿನಿಂದ ಕಸದ ಡಬ್ಬಿ ಎಳೆಯುವಾಗ ಚೆಂಡುಹೂವಿನ ಘಾಟು ಮೂಗಿಗೆ ಬಡಿಯಿತು. ಬೇಲಿಯಾಚೆಯ ಸಮಾಧಿಯ ಪಕ್ಕದಲ್ಲಿ ಈ ವರ್ಷವೂ ತಾವಾಗಿಯೇ ಅರಳಿವೆ. ಹೌದು, ನೀವು ಸರಿಯಾಗಿಯೇ ಓದಿದಿರಿ, ಸಮಾಧಿ. ಟೆಕ್ಸಾಸಿನ ಸೀಡರ್ ಪಾರ್ಕ್ ಊರಿನ ಈ ಮನೆಯನ್ನು ತೋರಿಸುವಾಗ ಏಜೆಂಟ್ ಮಹಾಶಯ ಅದನ್ನು ‘ಬಹಳ ಶಾಂತವಾದ ನೆರೆಹೊರೆ’ ಎಂದು ಬಣ್ಣಿಸಿದ್ದ. ಸುಳ್ಳೇನಲ್ಲ. ಇಷ್ಟು ವರ್ಷಗಳಲ್ಲಿ ಆ ಕಡೆಯಿಂದ ಒಂದು ದೂರೂ ಬಂದಿಲ್ಲ.

ಅಲ್ಲಿರುವುದು ಎರಡು ಕಲ್ಲು. ದೊಡ್ಡದು ಗಡಿಕಾವಲಿನ ಒಬ್ಬ ಸೈನಿಕನದು. ಈ ಸೀಮೆಗೆ ಮೊದಲು ಬಂದು ನೆಲೆಸಿದವನು ಆತನೇ ಎಂದು ಪಕ್ಕದ ಫಲಕ ಸಾರುತ್ತದೆ. ಆತ ಬಂದಾಗ ಇಲ್ಲಿನ ನೆಲವೆಲ್ಲ ಖಾಲಿ ಇತ್ತಂತೆ. ಮುಂದಿನ ಸಾಲಿನಲ್ಲೇ, ಇಲ್ಲಿದ್ದವರೊಡನೆ ವೀರಾವೇಶದಿಂದ ಕಾದಾಡಿ ಅವರನ್ನು ಓಡಿಸಿದನಂತೆ. ಖಾಲಿ ನೆಲದಲ್ಲಿ ಯಾರೊಡನೆ ಕಾದಾಡಿದ ಎಂದು ಕೇಳಬೇಡಿ, ವೀರರಿಗೆ ಎಲ್ಲವೂ ಸಾಧ್ಯ. ಆತನ ಕುದುರೆಯ ಹೆಸರನ್ನೂ ಮರೆಯದೆ ಕೆತ್ತಿದ್ದಾರೆ. ನಗುವ ಹಕ್ಕು ನನಗೂ ಇಲ್ಲ ಬಿಡಿ. ಈ ಬಡಾವಣೆಯಲ್ಲಿ ಮೊದಲು ನೆಲೆಸಿದ ಕನ್ನಡಿಗ ನಾನೇ ಎಂದು, ಮನೆಗೊಂದು ಅಡುಗೆ ತಂದು ಹಂಚಿ ಉಣ್ಣುವ ಪ್ರತಿ ಪಾಟ್‌ಲಕ್‌ನಲ್ಲೂ ಕೊಚ್ಚಿಕೊಳ್ಳುತ್ತಿದ್ದೆ. ಆಗ ಇಲ್ಲಿ ಕರಿಬೇವೂ ಸಿಗುತ್ತಿರಲಿಲ್ಲ ಎಂಬುದೇ ನನ್ನ ಯುದ್ಧಕಥೆ.

ಹಲವು ವರ್ಷಗಳ ಹಿಂದೆ ಧಾರವಾಡದಿಂದ ನಮ್ಮತ್ತೆ ಬಂದ ಮೊದಲ ದಿನವೇ ಅಡುಗೆಮನೆಯ ಕಿಟಕಿಯಲ್ಲಿ ಇಣುಕಿದರು.

“ಏನ್ರಿ ಅಳಿಯಂದಿರ, ಅದು ಸ್ಮಶಾನ ಅಲ್ಲೇನು?”

“ಇಲ್ಲ ಅತ್ತೆ, ಪಾರ್ಕು.”

“ಇಲ್ಲೆ ಪಾರ್ಕಿನ್ಯಾಗ ಹೆಣ ಹುಗೀತಾರೇನು?”

ಇನ್ನು ಶಾಂತಿಹೋಮ ತಪ್ಪಿದ್ದಲ್ಲ ಎಂದುಕೊಂಡೆ. ಅತ್ತೆ ಮಾತ್ರ ಮಾರನೆಯ ಬೆಳಿಗ್ಗೆ ನನ್ನನ್ನೂ ನನ್ನ ಹೆಂಡತಿ ವಸುಧಾಳನ್ನೂ ಅಲ್ಲಿಗೇ ಎಳೆದೊಯ್ದರು. ವಸುಧಾ ಫಲಕವನ್ನು ಓದಿ ಕನ್ನಡದಲ್ಲಿ ಹೇಳಿದಳು. ಎಲ್ಲ ಕೇಳಿಸಿಕೊಂಡ ಅತ್ತೆ ಸಣ್ಣ ಕಲ್ಲಿನತ್ತ ಕೈ ತೋರಿಸಿದರು.

“ಇದು ಯಾರದು?”

“ಅವನ ಹೆಂಡತಿ ಅಂತ ಬರದಾರ, ಅವ್ವಾ.”

“ಹೆಸರು?”

“ಇಲ್ಲ. ಅಷ್ಟ ಅದ.”

“ಕುದರಿಗೆ ಹೆಸರದ, ಇಕಿಗಿಲ್ಲ?”

ನಾನು ಗಹಗಹಿಸಿ ನಕ್ಕೆ. ಅತ್ತೆ ನಗಲಿಲ್ಲ.

“ನನ್ನ ತವರಿನ ಹೆಸರು ತುಂಗಾ. ಮದವ್ಯಾಗ ನಿಮ್ಮಪ್ಪ ಅಕ್ಕಿ ಮ್ಯಾಲ ಉಂಗುರದಿಂದ ಸುಶೀಲಾ ಅಂತ ಬರದ್ರು. ಅವತ್ತಿನಿಂದ ಆ ಹೆಸರು ಖಾಲಿನ ಬಿದ್ದದ. ಇಕಿಗೆ ಇರಲಿ.”

ವಸುಧಾ ತಾಯಿಯ ಮುಖವನ್ನೇ ನೋಡುತ್ತ ನಿಂತಳು. ಆ ಹೆಸರನ್ನು ಅವಳೂ ಕೇಳಿದ್ದು ಅದೇ ಮೊದಲು. ನನ್ನ ನಗು ಅಲ್ಲೇ ಸತ್ತಿತು.

ಅಂದಿನಿಂದ ಅತ್ತೆಗೆ ಒಬ್ಬ ಗೆಳತಿ ಸಿಕ್ಕಂತಾಯಿತು. ಸಂಜೆ ಮೊಮ್ಮಗಳನ್ನು ಕರೆದುಕೊಂಡು ಹೋಗಿ, “ಏನ್ ತುಂಗಾಬಾಯಿ, ಚಹಾ ಆತೇನು?” ಎಂದು ವಿಚಾರಿಸುತ್ತಿದ್ದರು. ದಸರೆ ಮುಗಿದ ಮೇಲೆ ಬಾಗಿಲಿನ ಒಣಗಿದ ಚೆಂಡುಹೂವಿನ ಮಾಲೆಯನ್ನು ಸಣ್ಣ ಕಲ್ಲಿಗೆ ಹಾಕಿದರು. ಅದನ್ನು ಕಂಡ ನೆರೆಯ ಅಜ್ಜಿಯೊಬ್ಬರು, ನಮ್ಮ ವೀರನಿಗೆ ಗೌರವ ತೋರಿಸಿದಿರಿ ಎಂದು ಕೈಕುಲುಕಿದಾಗ, ಅತ್ತೆ ತಮ್ಮ ಅಷ್ಟೂ ಇಂಗ್ಲಿಷನ್ನು ಒಟ್ಟುಗೂಡಿಸಿ, “ನೋ, ನೋ. ತುಂಗಾ!” ಎಂದರು.

ಊರಿಗೆ ಮರಳಿದ ಕೆಲವು ವರ್ಷಗಳಲ್ಲಿ ಅತ್ತೆ ತೀರಿಕೊಂಡರು. ಪತ್ರಿಕೆಯಲ್ಲಿ ಸುದ್ದಿ ಬಂತು: ನಿವೃತ್ತ ಮುಖ್ಯೋಪಾಧ್ಯಾಯರ ಧರ್ಮಪತ್ನಿ ಸುಶೀಲಾಬಾಯಿ ನಿಧನ. ಕೆಳಗೆ ಮಾವನವರ ಸಾಧನೆಗಳ ವಿವರ. ನಮ್ಮವರು ಫಲಕ ಕೆತ್ತುವುದರಲ್ಲಿ ಟೆಕ್ಸಾಸಿಗೇನೂ ಕಡಿಮೆಯಿಲ್ಲ. ತುಂಗಾ ಎಂಬುವಳು ಹುಟ್ಟಿದ್ದಳೆಂಬ ಸುಳಿವೇ ಅದರಲ್ಲಿರಲಿಲ್ಲ.

ಇವತ್ತು ಡಬ್ಬಿ ಹಿಡಿದು ಹೂವನ್ನೇ ನೋಡುತ್ತ ನಿಂತಿದ್ದಾಗ ಬೇಲಿಯಾಚೆ ಮಾತು ಕೇಳಿಸಿತು. ಪಕ್ಕದ ಮನೆಗೆ ಹೊಸದಾಗಿ ಬಂದ ಹುಡುಗಿ, ಇದು ಯಾರ ಸಮಾಧಿ ಎಂದು ನನ್ನ ಮಗಳನ್ನು ಕೇಳುತ್ತಿದ್ದಳು.

“ದಟ್ಸ್ ತುಂಗಾ,” ಎಂದಳು ನನ್ನ ಮಗಳು.

“ಆ್ಯಂಡ್ ದ ಬಿಗ್ ಒನ್?”

“ಓ, ಹಿಮ್? ಹೀ ಈಸ್ ಜಸ್ಟ್ ಹರ್ ಹಸ್ಬೆಂಡ್.”

ನಾನು ಸದ್ದಿಲ್ಲದೆ ಡಬ್ಬಿ ಎಳೆದುಕೊಂಡು ಹೊರಟೆ. ಇನ್ನು ಪಾಟ್‌ಲಕ್‌ನಲ್ಲಿ ನನ್ನ ಯುದ್ಧಕಥೆ ಹೇಳುವಂತಿಲ್ಲ. ಇಲ್ಲಿ ಮೊದಲು ನೆಲೆಸಿದ ಕನ್ನಡದವರು ತುಂಗಾಬಾಯಿ.