ಹೆಡ್ ಕ್ಲರ್ಕರ ಬೆಳಗಿನ ನಡಿಗೆ

ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ನಮ್ಮ ಯಜಮಾನರ ಹಾಗೆಯೇ ತಿರುವನಂತಪುರಕ್ಕೆ ವರ್ಗವಾಗಿ ಬಂದ ಹೆಡ್ ಕ್ಲರ್ಕರು ಅವರು. ಅಲ್ಲಿನ ಪಟ್ಟಂ ಬಡಾವಣೆಯಲ್ಲಿ ನಮ್ಮ ಪಕ್ಕದ ಮನೆ. ಯಾರು ತಲೆನೋವು ಎಂದರೂ ಬೆತ್ತದಿಂದ ನೆಲ ಕುಟ್ಟಿ, "ನಡೆಯಬೇಕು ಮಾರಾಯ್ರೆ, ಬೆವರು ಬರುವ ಹಾಗೆ ನಡೆಯಬೇಕು" ಎನ್ನುತ್ತಿದ್ದರು. ಅವರಿಗೆ ತಲೆನೋವೆಂಬುದೇ ಗೊತ್ತಿರಲಿಲ್ಲ. ಮುಂಜಾನೆ ದೂರದವರೆಗೆ ನಡೆದು ಬಂದು ಸ್ನಾನ, ಪೂಜೆ, ಆಮೇಲೆ ದೋಸೆ. ಅವರು ತಿಂದೆದ್ದ ಮೇಲೆಯೇ ಹೆಂಡತಿಯ ಬಾಯಿಗೆ ಕಾಫಿ.

ಒಂದು ದಿನ ಆಕೆ ತಲೆನೋವೆಂದು ಹಣೆಗೆ ಬಟ್ಟೆ ಬಿಗಿದುಕೊಂಡೇ ದೋಸೆ ಹೊಯ್ಯುತ್ತಿದ್ದರು. "ಅಕ್ಕ, ಹಸಿದರೆ ತಲೆ ಸಿಡಿಯದೆ ಇರುತ್ತದೆಯೇ? ಮೊದಲು ಒಂದು ಲೋಟ ಕಾಫಿ ಕುಡಿಯಿರಿ" ಎಂದೆ.

"ಅವರದ್ದಾಗದೆ ನಾನು ಹೇಗೆ ಕುಡಿಯುವುದು ಮಾರಾಯ್ತಿ?"

ಒಳಗಿನಿಂದ ಅವರು ಕೂಗಿದರು: "ಕಾಫಿ ಎಂತಕ್ಕೆ? ನಾಳೆಯಿಂದ ನೀನೂ ನಡಿ."

ಮರುದಿನ ಆಕೆ ಖಾಲಿ ಹೊಟ್ಟೆಯಲ್ಲಿ ಗಂಡನ ಹಿಂದೆ ಹೊರಟರು. ಏರುದಾರಿಯಲ್ಲಿ ಕಣ್ಣಿಗೆ ಕತ್ತಲೆ ಬಂದು ಕುಸಿದರಂತೆ; ಗಂಡ ಆಗಲೇ ಮುಂದೆ ಹೋಗಿಯಾಗಿತ್ತಂತೆ. ಹಾಲು ಹಾಕುವ ಚೇಚಿ ಕೈಹಿಡಿದು ಮನೆಗೆ ಕರೆತಂದಳು. ನಾನು ಕಾಫಿ ಹಿಡಿದು ಓಡಿದೆ. ಆಕೆ ಲೋಟ ಮುಟ್ಟಲಿಲ್ಲ, ಬಾಗಿಲಿನತ್ತ ನೋಡಿದರು.

ಅವರು ನಡಿಗೆ ಮುಗಿಸಿ ಇನ್ನೂ ಬಂದಿರಲಿಲ್ಲ.