ಮೆಹರಾಜಳ ಸ್ಪೀಕರ್

ಕೊಪ್ಪಳದ ಓಣಿಯೊಂದರಲ್ಲಿ ಮೊಬೈಲ್ ಅಂಗಡಿ ನಡೆಸುವ ಮೆಹರಾಜಳ ಬಾಯಿಗೆ ಓಣಿಯೇ ಹೆದರುತ್ತದೆ. ಟ್ರ್ಯಾಕ್ಟರ್ ಚಾಲಕರಿಗೆ ಪೆನ್‌ಡ್ರೈವಿನಲ್ಲಿ ಹಾಡು ತುಂಬಿಕೊಡುವುದು ಅವಳ ವ್ಯಾಪಾರ. ಸುತ್ತಲಿನ ಹಳ್ಳಿಗಳ ಹಾಡುಗಾರರ ತಂಡಗಳು ಹೊಸ ಹಾಡು ತಂದರೆ ಬಾಗಿಲ ಸ್ಪೀಕರಿಗೆ ಹಚ್ಚುತ್ತಾಳೆ. ಅದು ಮುಗಿಯುವುದರೊಳಗೆ ಒಬ್ಬ ಗಿರಾಕಿಯಾದರೂ ‘ಇದು ಯಾರದು’ ಎಂದು ಕೇಳಬೇಕು. ಕೇಳದಿದ್ದರೆ ತಂದವರ ಕಣ್ಣೆದುರೇ ಅಳಿಸಿಬಿಡುತ್ತಾಳೆ.

ಆ ಮಧ್ಯಾಹ್ನ ಹಿಟ್ನಾಳದ ತಂಡದ ಸುರೇಖಾ ತನ್ನ ಮೊದಲ ಹಾಡು ತಂದಿದ್ದಳು. ಪಲ್ಲವಿ ಮುಗಿಯಿತು, ಕೊನೆಯ ಚರಣವೂ ಶುರುವಾಯಿತು. ಕಾಯುತ್ತಿದ್ದ ಚಾಲಕರು ಮೊಬೈಲಿನಿಂದ ತಲೆ ಎತ್ತಲಿಲ್ಲ. ಹೊರಗೆ ಗಿರಾಕಿ ಹಾಲೇಶನ ಟ್ರ್ಯಾಕ್ಟರ್ ಗುಡುಗುಡು ಎನ್ನುತ್ತಲೇ ಇತ್ತು. ಸ್ಟಾರ್ಟರ್ ಕೆಟ್ಟಿತ್ತು, ಒಮ್ಮೆ ಆರಿಸಿದರೆ ನಾಲ್ಕು ಜನ ನೂಕಬೇಕು. ಹಾಗಾಗಿ ಅವನು ಎಂಜಿನ್ ಆರಿಸುತ್ತಲೇ ಇರಲಿಲ್ಲ.

“ಆ ಸಪ್ಪಳದಾಗ ಯಾರಿಗೆ ಕೇಳಸ್ತೈತ್ರಿ?” ಎಂದಳು ಸುರೇಖಾ.

“ಛಲೋ ಇದ್ರ ಕೇಳಸ್ತೈತಿ. ನನಗ ಕತಿ ಹೇಳಬ್ಯಾಡ,” ಎಂದ ಮೆಹರಾಜ ಅಳಿಸುವ ಗುಂಡಿಯ ಮೇಲೆ ಬೆರಳಿಟ್ಟಳು.

ಹೊರಗಿನ ಸದ್ದು ಗಕ್ಕನೆ ನಿಂತಿತು. ಎಲ್ಲರೂ ತಿರುಗಿದರು. ಹಾಲೇಶ ತಾನೇ ಎಂಜಿನ್ ಆರಿಸಿ, ಸೀಟಿನಲ್ಲೇ ಕಣ್ಣು ಮುಚ್ಚಿ ಹಾಡು ಕೇಳುತ್ತಿದ್ದ.

ಹಾಡು ಮುಗಿಯಿತು. ಮೆಹರಾಜ ಗುಂಡಿಯಿಂದ ಬೆರಳು ತೆಗೆದು ಸುರೇಖಾಳನ್ನು ಗದರಿದಳು:

“ಹಂಗ ನಿಂತು ಏನ್ ನೋಡ್ತಿ? ಹೋಗು, ಅವನ ಗಾಡಿ ನೂಕು!”